ರಾತ್ರಿಗೆ ಮಾತ್ರ ಎಂಟು ಡಿಗ್ರಿ

ದಾಲ್ಕಾವೆಯ ಹಳೇ ಧಕ್ಕೆಯ ಹಿಂದೆ, ಬಲೆ ಒಣಗಿಸುವ ಕಟ್ಟೆ ದಾಟಿದರೆ
ಎದುವಿನಾ ಕಾರ್ಕಾಮೊಳ ಅಂಗಡಿ.
ಒಳಗೆ ಕಾಲಿಡುವ ಮೊದಲು ಜೇಬು ಖಾಲಿ ಮಾಡಬೇಕು:
ಚಾಕು, ಬೀಗದಕೈ, ಫೋನು, ಎಲ್ಲ ಬಾಗಿಲಾಚೆಯ ಬುಟ್ಟಿಗೆ.
‘ಕನ್ನಡಕ?’ ಅಂದಳು.
ಉಕ್ಕಿನದು. ಅದನ್ನೂ ತೆಗೆದಿಟ್ಟೆ.
ಹಾಗಾಗಿ ನಮ್ಮ ತೋನಿನಾ ದೋಣಿಯ ದಿಕ್ಸೂಚಿ ರಿಪೇರಿಯಾದದ್ದನ್ನು
ನಾನು ನೋಡಿದ್ದು ಮಬ್ಬುಮಬ್ಬಾಗಿ.

ಗಾಜಿನ ಬುರುಡೆಯಲ್ಲಿ ಅವರೆಕಾಳಿನಷ್ಟು ಗುಳ್ಳೆ.
ದೋಣಿ ವಾಲಿದಾಗೆಲ್ಲ ಅದೂ ಜಾರಿ
ನಮಗೆ ಬೇಕಾದ ಅಂಕಿಯ ಮೇಲೇ ಹೋಗಿ ಕೂರುತ್ತಿತ್ತು.
ಹಳದಿಗಟ್ಟಿದ ಎಣ್ಣೆ ಬಸಿದಳು, ಬಿರುಕುಬಿಟ್ಟ ರಬ್ಬರು ಕಿತ್ತಳು,
ಹೊಸ ಎಣ್ಣೆಯನ್ನು ಸಿರಿಂಜಿನಲ್ಲಿ
ತೊಟ್ಟು ತೊಟ್ಟಾಗಿ ಇಳಿಸುತ್ತ
ಬೆರಳ ಗೆಣ್ಣಿನಿಂದ ಗಾಜು ತಟ್ಟಿ,
‘ಏಳೇ ಸೋಮಾರಿ, ಮೇಲೆ ಬಾ’
ಎಂದು ಕೊನೆಯ ಗುಳ್ಳೆಯನ್ನು ಗದರಿದಳು.

ಬಿಲ್ಲೆ ಒಂದು ಕಡೆ ಬಗ್ಗಿತ್ತು.
‘ಉತ್ತರದ ದೇಶದಲ್ಲಿ ಹುಟ್ಟಿದ್ದು ಇದು.
ಅಲ್ಲಿ ಮುಳ್ಳಿನ ಉತ್ತರ ನೆಲ ಮೂಸುತ್ತದೆ,
ಅದಕ್ಕೆ ದಕ್ಷಿಣಕ್ಕೆ ಭಾರ ಕಟ್ಟಿ ಕಳಿಸಿದ್ದಾರೆ.
ಇಲ್ಲಿ ದಕ್ಷಿಣವೇ ನೆಲ ಮೂಸುವುದು.’
ಜೀರಿಗೆಯಷ್ಟು ಅರಗನ್ನು ಇನ್ನೊಂದು ಅಂಚಿಗೆ ಅಂಟಿಸಿದಳು.
ಬಿಲ್ಲೆ ಬೆನ್ನು ನೆಟ್ಟಗೆ ಮಾಡಿಕೊಂಡಿತು.

ಆಮೇಲೆ ದೀಪ.
ಬುಡದಲ್ಲಿ ಹಸಿರು ಕಿಲುಬು. ಬಲ್ಬಿನ ಮೈಗೆಲ್ಲ ಕೆಂಪು.
‘ಇದು ಯಾರ ಕೆಲಸ?’
ನನ್ನ ತಮ್ಮ ರೆಮಿಹಿಯೊನದು. ಹೆಂಡತಿಯ ಉಗುರುಬಣ್ಣ.
‘ಜಾಣ. ಬಿಳೀ ದೀಪ, ಕಣ್ಣು ಕೂಡಿಟ್ಟ ಕತ್ತಲನ್ನೆಲ್ಲ
ಒಂದೇ ಏಟಿಗೆ ಖರ್ಚು ಮಾಡಿಬಿಡುತ್ತದೆ.’
ಅವನನ್ನು ಜಾಣ ಅಂದದ್ದು ನನಗೆ ಹಿಡಿಸಲಿಲ್ಲ.

ಎರಡು ಚಳಿಗಾಲದ ಹಿಂದೆ, ಕೊಲ್ಲಿ ದಾಟುವ ರಾತ್ರಿ,
‘ಇನ್ನೂರ ಎಂಬತ್ತು ಬಿಡಬೇಡ’ ಎಂದು
ಚುಕ್ಕಾಣಿ ಅವನ ಕೈಗೆ ಕೊಟ್ಟು ಮಲಗಿದ್ದೆ.
ಎಚ್ಚರವಾದದ್ದು ಬಂಡೆಯ ಸದ್ದಿಗೆ.
ಕುಡಿದಿದ್ದೆಯಾ, ತೂಕಡಿಸಿದೆಯಾ, ಏನೆಲ್ಲ ಅಂದೆ.
ಅವನು ಹೇಳಿದ್ದು ಒಂದೇ:
‘ಇನ್ನೂರ ಎಂಬತ್ತರ ಮೇಲೇ ಇತ್ತು.’
ಆ ಮಾತನ್ನು ಅವನದೇ ದನಿಯಲ್ಲಿ
ಹೋಟೆಲಿನ ಮೇಜು ಮೇಜಿಗೂ ಆಡಿ ತೋರಿಸಿದೆ.
ಜನ ಚೆನ್ನಾಗಿ ನಕ್ಕರು.
ವಸಂತಕ್ಕೆ ಮುಂಚೆ ಅವನು ಕೆಯೋನ್‌ಗೆ ಹೋದ,
ಯಾರದೋ ತೆಪ್ಪದಲ್ಲಿ ಚಿಪ್ಪು ಬಿಡಿಸುವ ಕೆಲಸಕ್ಕೆ.

‘ತಂತಿ ಎಳೆದದ್ದು ಹೇಗೆ?’ ಕೇಳಿದಳು ಎದುವಿನಾ.
ಹೆಮ್ಮೆಯಿಂದಲೇ ಬರೆದು ತೋರಿಸಿದೆ. ನಾನೇ ಎಳೆದದ್ದು.
ಹೋಗುವ ತಂತಿ ದಿಕ್ಸೂಚಿಯ ಎಡಕ್ಕೆ, ಬರುವುದು ಬಲಕ್ಕೆ,
ಗೇಣಿಗೊಂದು ಕ್ಲಿಪ್ಪು, ಗೆರೆ ಕೊರೆದ ಹಾಗೆ.
ಮುಂದಿನ ಲಾಂದ್ರಕ್ಕೂ ಕರೆಂಟು ಅದರಲ್ಲೇ.
ಅವಳು ಮಾತಾಡಲಿಲ್ಲ.
ಮೇಜಿನ ಮೇಲೆ ಹಾಗೇ ಎರಡು ತಂತಿ ಹಾಸಿ,
ನಡುವೆ ದಿಕ್ಸೂಚಿ ಇಟ್ಟು, ಸ್ವಿಚ್ಚು ಒತ್ತಿದಳು.

ದೀಪ ಹತ್ತಿತು. ಬಿಲ್ಲೆ ನಿಧಾನಕ್ಕೆ ಮುಖ ತಿರುಗಿಸಿತು.
ಆರಿಸಿದಳು. ಹಿಂದಕ್ಕೆ ಬಂತು.
ಮತ್ತೆ ಹತ್ತಿಸಿದಳು.
ನನಗೆ ಅಂಕಿ ಕಾಣುತ್ತಿರಲಿಲ್ಲ, ಅವಳೇ ಓದಿ ಹೇಳಿದಳು:
‘ಎಂಟು. ಹಗಲು ಸರಿಯಾಗಿಯೇ ಇರುತ್ತಿತ್ತು, ಅಲ್ಲವಾ?’

ನೋಡಲೆಂದು ಹಚ್ಚಿದ್ದು,
ನೋಡುವುದನ್ನೇ ಸರಿಸಿತ್ತು.
ಅವನು ಇನ್ನೂರ ಎಂಬತ್ತರ ಮೇಲೇ ಇದ್ದ.

ಅವಳು ಎರಡೂ ತಂತಿ ಸೇರಿಸಿ ಹುರಿ ಹೊಸೆದಳು.
‘ಹೋಗುವುದೂ ಬರುವುದೂ ಒಂದಕ್ಕೊಂದು ಸುತ್ತಿಕೊಂಡಿರಬೇಕು.
ಆಗ ಒಂದರ ಸುಳ್ಳನ್ನು ಇನ್ನೊಂದು ತಿಂದುಹಾಕುತ್ತದೆ.’
ಸ್ವಿಚ್ಚು ಒತ್ತಿದಳು. ಬಿಲ್ಲೆ ಅಲುಗಲಿಲ್ಲ.
ಹಿತ್ತಾಳೆ ತಿರುಪು ನಾಲ್ಕು ಕೊಟ್ಟಳು, ಒಂದೊಂದನ್ನೂ ಅಯಸ್ಕಾಂತಕ್ಕೆ ಹಿಡಿದು ನೋಡಿ.
ಹಳೇ ಬಲ್ಬು ಬೇಕಾ ಅಂದಳು. ಬೇಕು ಅಂದೆ.

ಬುಟ್ಟಿಯಿಂದ ಕನ್ನಡಕ ತೆಗೆದು ಹಾಕಿಕೊಂಡರೆ
ಎದುರಿನ ಕಾಲುವೆ, ದೋಣಿಗಳ ಹೆಸರು, ಎಲ್ಲ ಸ್ಪಷ್ಟ.
ತೋನಿನಾಗೆ ಬೇಕಾದದ್ದು ಐದು ಮೀಟರು ತಂತಿ.
ಒಂದು ತುದಿಯನ್ನು ಕೊಕ್ಕೆಗೆ ಕಟ್ಟಿ ಒಬ್ಬನೇ ಹೊಸೆದು ನೋಡಿದೆ,
ಕೈ ಬಿಟ್ಟದ್ದೇ ತಡ ಬಿಚ್ಚಿಕೊಂಡಿತು.
ಬೇರೆ ಉಪಾಯಗಳೂ ಇವೆ, ನನಗೆ ಗೊತ್ತು.

ಕೆಯೋನ್ ಬಸ್ಸು ಏಳೂವರೆಗೆ.
ಚೀಲದಲ್ಲಿ ತಂತಿಯ ಸುರುಳಿ,
ಉಗುರುಬಣ್ಣದ ಬಲ್ಬು.
ಏನು ಹೇಳಬೇಕೆಂದು ಇನ್ನೂ ಹೊಳೆದಿಲ್ಲ.
ಈ ತುದಿ ಹಿಡಿದುಕೋ, ಅನ್ನಬಹುದು.